ಒಂಬತ್ತು ವರ್ಷದ ಬೋಗುಣಿ

ಆವತ್ತು ಬೆಳಗ್ಗೆ ಕಾಗಿಣಾ ಹೊಳೆಯಿಂದ ಎದ್ದ ಮಂಜು ಮಳಖೇಡದ ಓಣಿಗಳಲ್ಲೆಲ್ಲ ತುಂಬಿತ್ತು. ಎದುರುಮನೆಯ ಕೋಳಿ ಕೂಗುವುದು ಕೇಳುತ್ತಿತ್ತೇ ಹೊರತು ಮನೆ ಮಾತ್ರ ಕಾಣುತ್ತಿರಲಿಲ್ಲ. ಮಾಣಿಕಮ್ಮ ಹಣೆಗೆ ವಿಭೂತಿ ಹಚ್ಚಿ, ದೇವರ ಮುಂದೆ ದೀಪ ಇಟ್ಟು, ಇನ್ನೂ ಹಾಸಿಗೆ ಬಿಡದ ಮಗನಿಗೆ ಹೊರಗಿನಿಂದಲೇ ಹೇಳಿದಳು:

"ಏಳೋ ತಮ್ಮಾ. ನಾಳೆ ಅಂದವರ ಮನಿ ಹಾಳು."

ಊರಿನಲ್ಲಿ ಮಾಣಿಕಮ್ಮನ ಗಾದೆ ಕೇಳದವರಿಲ್ಲ. ಜಗಳಕ್ಕೊಂದು, ಜ್ವರಕ್ಕೊಂದು, ಉಪ್ಪು ಹೆಚ್ಚಾದ ಸಾರಿಗೂ ಒಂದು ಇಟ್ಟುಕೊಂಡಿದ್ದಳು. ಅವುಗಳಲ್ಲೆಲ್ಲ ಅವಳು ಹೆಚ್ಚಾಗಿ ಹೇಳುತ್ತಿದ್ದದ್ದು ಅವಳ ಅವ್ವನಿಂದ ಬಂದದ್ದು: ಕೊಟ್ಟವರ ಪಾತ್ರೆ ಖಾಲಿ ಹೊಳ್ಳಿ ಕಳಿಸಬಾರದು.

ಸೊಸೆ ಸುಶ್ಮಿತಾ ರೊಟ್ಟಿ ಬಡಿಯುತ್ತಾ ಮಾತು ತೆಗೆದಳು. ಹಿಂದಿನ ದಿನವೆಲ್ಲ ಅವಳು ಅದೇ ಓಣಿಯ ಆಶಾಬಿಯ ಮನೆಯಲ್ಲಿ ಮದುವೆ ಕೆಲಸಕ್ಕೆ ಕೈ ಹಚ್ಚಿ ಬಂದಿದ್ದಳು. ಇವತ್ತು ಆಶಾಬಿಯ ಮೊಮ್ಮಗಳು ಸಮ್ರೀನ್‌ಳ ನಿಕಾ.

"ಅತ್ತಿ, ಆಶಾಬಿ ತಮ್ಮ ತವರಮನಿ ಹಿತ್ತಾಳಿ ಬೋಗುಣಿ ಜೋಡಿ ಮೊಮ್ಮಗಳಿಗಿ ಕೊಡಬೇಕಂತ ಮಾಡ್ಯಾರ. ಒಂದೇ ಅದ ನೋಡ್ರಿ. ಇನ್ನೊಂದು ಎಲ್ಲದ ಅಂತ ಎಲ್ಲರೂ ಕೇಳಲಾಕತ್ತಾರ."

ಮಾಣಿಕಮ್ಮನ ಕೈ ಹಿಟ್ಟಿನ ಡಬ್ಬಿಯೊಳಗೆ ನಿಂತುಬಿಟ್ಟಿತು. ಆ ಕೈಯಲ್ಲಿ ದಿನಾ ಜೋಳದ ಹಿಟ್ಟು ಅಳೆಯುವ ಬೋಗುಣಿ ಇತ್ತು.

"ಆಶಾಬಿ ಏನಂದಳು?"

"ಎಲ್ಲದ ಅಂತ ನಂಗ ಗೊತ್ತದ ಅಂದ್ರು. ಮತ್ತ ಕೇಳಿ ತರಬಾರದಾ ಅಂದ್ರ, ಕೇಳಿ ಇಸ್ಕೊಂಡದ್ದು ಹಿತ್ತಾಳಿ, ತಾನಾಗೇ ಬಂದದ್ದು ಬಂಗಾರ ಅಂದ್ರು."

ಒಂಬತ್ತು ವರ್ಷದ ಹಿಂದೆ ರಂಜಾನ್ ಹಬ್ಬಕ್ಕೆ ಆಶಾಬಿಯ ಮನೆಯಿಂದ ಆ ಬೋಗುಣಿ ತುಂಬ ಹಾಲು-ಶಾವಿಗೆಯ ಶಿರಖುರಮಾ ಬಂದಿತ್ತು. ಪಂಚಮಿಗೆ ಹೋಳಿಗೆ ತುಂಬಿ ಕೊಡೋಣವೆಂದು ಮಾಣಿಕಮ್ಮ ಇಟ್ಟುಕೊಂಡಳು. ಹೋಳಿಗೆ ಹರಿದು ಹೂರಣವೆಲ್ಲ ಹಂಚಿಗೆ ಅಂಟಿತು. ಮರುವರ್ಷ ಮನೆಯಲ್ಲಿ ಸೂತಕ. ಅದರ ಮರುವರ್ಷ, ಇಷ್ಟು ತಡಮಾಡಿ ಬರೀ ಹೋಳಿಗೆ ಹ್ಯಾಗೆ ಕೊಡುವುದು, ಮೇಲೊಂದು ಕುಪ್ಪಸದ ಕಣವಾದರೂ ಬೇಕು ಅನ್ನಿಸಿತು. ಆಮೇಲೆ ಕಣ ಸಾಲದು, ಸೀರೆ ಬೇಕು ಅನ್ನಿಸಿತು. ತಡವಾದಷ್ಟೂ ಬೋಗುಣಿ ದೊಡ್ಡದಾಗುತ್ತಾ ಹೋಯಿತು. ಕಡೆಗೆ ಆಶಾಬಿಯ ಬಾಗಿಲು ತಪ್ಪಿಸಿ ಹಿಂದಿನ ಓಣಿಯಿಂದ ಗಿರಣಿಗೆ ಹೋಗುವುದೇ ರೂಢಿಯಾಯಿತು. ಒಂದೇ ಹಗ್ಗದಲ್ಲಿ ಬಾವಿಯ ನೀರು ಸೇದಿ ಬೆಳೆದ ಗೆಳತಿಯರ ನಡುವೆ ಮಾತು ಬಿದ್ದುಹೋಯಿತು.

ಸುಶ್ಮಿತಾ ಅತ್ತೆಯ ಮುಖ ನೋಡಿದಳು, ಬೋಗುಣಿ ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ಹೇಳೂದು ಆಚಾರ, ತಿನ್ನೂದು ಬದನಿಕಾಯಿ ಅಂತಾರಲ್ರಿ ಅತ್ತಿ, ನೀವೇ ಕಲಿಸಿದ್ರಿ."

"ಕಲಿಸಿದ್ದು ನನ್ನ ಮ್ಯಾಲೇ ತಿರುಗಸ್ತಿ ಏನು? ನಗಬ್ಯಾಡ. ಸೇಡಂ ಬಸ್ಸು ಎಷ್ಟೊತ್ತಿಗದ? ಒಂದು ಸೀರಿ ತರತೀನಿ."

"ಸೀರಿ ತಂದು ಹೊಳ್ಳಿ ಬರೂದ್ರಾಗ ಸಮ್ರೀನ್ ವಾಡಿಗಿ ಗಂಡನ ಮನಿ ಸೇರತಾಳ್ರಿ."

ಮಾಣಿಕಮ್ಮ ದೀಪದ ಮುಂದೆ ಕುಳಿತಳು. ಏನು ಬೇಡಬೇಕೋ ತಿಳಿಯಲಿಲ್ಲ. ಬೆಳಗ್ಗೆ ಮಗನಿಗೆ ಹೇಳಿದ ಮಾತೇ ಕಿವಿಯಲ್ಲಿ ಸುತ್ತುತ್ತಿತ್ತು. ನಾಳೆ ಅಂದವರ ಮನಿ. ಅವಳಿಗೇ ನಗು ಬಂತು. ದೇವರೂ ನಕ್ಕಿರಬೇಕು, ದೀಪ ಒಮ್ಮೆ ಹೊಯ್ದಾಡಿತು.

ಎದ್ದು ಬೋಗುಣಿಯನ್ನು ಹುಣಸೆಹುಳಿ ಹಚ್ಚಿ ತಿಕ್ಕಿದಳು. ಹೊಲದಿಂದ ಹಿಂದಿನ ಸಂಜೆ ಬಂದಿದ್ದ ಹಸಿ ತೊಗರಿಕಾಯಿಯನ್ನು ಉಪ್ಪು ಹಾಕಿ ಕುದಿಸಿ, ಬಸಿದು, ಬಿಸಿಬಿಸಿಯಾಗಿಯೇ ತುಂಬಿದಳು. ಮನೆಯಲ್ಲಿ ಇದ್ದದ್ದು ಅದು.

ಮಂಜು ಕರಗಿ ಬಿಸಿಲು ಬಿದ್ದಿತ್ತು. ಆಶಾಬಿಯ ಅಂಗಳದಲ್ಲಿ ಹೆಂಗಸರು ಮದುಮಗಳಿಗೆ ಕೊಡುವ ಪಾತ್ರೆಗಳನ್ನು ಜಮಖಾನೆಯ ಮೇಲೆ ಜೋಡಿಸುತ್ತಿದ್ದರು. ನಡುವೆ ಒಂಟಿ ಬೋಗುಣಿ. ಆಶಾಬಿ ತಲೆಯೆತ್ತಿದಳು.

"ಬಾ ಮಾಣಿಕಿ. ಹಿಂದಿನ ಓಣಿಲಿಂದ ಬಂದಿ ಏನು?"

"ಇಲ್ಲವ್ವ, ಇವತ್ತು ನೆಟ್ಟಗ ಬಂದೀನಿ." ಮಾಣಿಕಮ್ಮ ಸೆರಗು ಸರಿಸಿ ಬೋಗುಣಿ ತೋರಿಸಿದಳು. "ಸೀರಿ ತರಬೇಕಂತ ಭಾಳ ವರ್ಷದಿಂದ ಮಾಡಿದ್ದೆ. ತೊಗರಿಕಾಯಿ ಅಷ್ಟ ಅದ."

ಆಶಾಬಿ ಒಂದು ಕಾಯಿ ಸುಲಿದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು.

"ಉಪ್ಪು ಕಮ್ಮಿ ಆಗ್ಯದ."

"ಒಂಬತ್ತು ವರ್ಷ ಕಾದ ಬಾಯಿಗಿ ಎಷ್ಟು ಹಾಕಿದ್ರೂ ಕಮ್ಮೀನೇ."

ಆಶಾಬಿ ನಕ್ಕಳು. ನಗುತ್ತಲೇ ಗೆಳತಿಯ ಕೈ ಹಿಡಿದು ತನ್ನ ಪಕ್ಕಕ್ಕೆ ಎಳೆದು ಕೂರಿಸಿಕೊಂಡಳು. ಅಂಗಳದ ತುಂಬ ಕೈಗಳು ಚಾಚಿದವು. ಮದುಮಗಳೂ ಮದರಂಗಿಯ ಕೈಯಲ್ಲೇ ನಾಲ್ಕು ಕಾಯಿ ಸುಲಿದಳು. ಸಿಪ್ಪೆ ಗುಡ್ಡೆಯಾಯಿತು, ಬೋಗುಣಿ ಬರಿದಾಗುತ್ತಾ ಬಂತು. ತಳದಲ್ಲಿ ಒಂದೇ ಒಂದು ಕಾಯಿ ಉಳಿದಾಗ ಮಾಣಿಕಮ್ಮ ಮೇಲೆ ಕೈ ಅಡ್ಡ ಹಿಡಿದಳು. ಅಂಚನ್ನು ಸೆರಗಿನಿಂದ ಒರೆಸಿ, ಆ ಒಂದು ಕಾಯಿ ಸಮೇತ ಬೋಗುಣಿಯನ್ನು ಅದರ ಜೋಡಿಯ ಪಕ್ಕದಲ್ಲಿ ಸದ್ದಿಲ್ಲದೆ ಇಟ್ಟಳು.