ಹೆಗಲ ಮೇಲಿನ ಬೂಸ್ಟು

ಎಲ್ಲಿಂದ ಶುರುಮಾಡಲಿ? ಸತ್ತವರಿಂದ ಶುರುಮಾಡಿದರೆ ನೀವು ಪುಟ ಮಗುಚುತ್ತೀರಿ. ಬದುಕಿರುವವರಿಂದ ಎಂದರೆ ಈ ಮನೆಯಲ್ಲಿ ಅಂಥವರು ಇಬ್ಬರೇ: ಚಿತ್ರ ಬರೆಯುವ ಮಗಳು, ಅದನ್ನು ನೋಡಿ ಮೂಗು ಮುರಿಯುವ ಅಮ್ಮ.

೧. ಮನೆತನದ ಚರಿತ್ರೆಯನ್ನು ಚಿತ್ರಗಳಲ್ಲಿ ಹಿಡಿಯುವುದು ಮಗಳ ಪ್ರಾಜೆಕ್ಟ್. ಗೋಡೆ ತುಂಬ ಅಜ್ಜಂದಿರು ಒಣಗುತ್ತಿದ್ದಾರೆ. (ಈ ವಾಕ್ಯ ನನಗೇ ಇಷ್ಟವಾಯಿತು. ಅಂದರೆ ಅನುಮಾನ ಪಡಬೇಕು.) ಇನ್ನು ಬರೆಯಲು ಉಳಿದವಳು ದೊಡ್ಡಮ್ಮ, ಅಮ್ಮನ ಅಕ್ಕ. ಹತ್ತು ವರ್ಷಕ್ಕೇ ಜ್ವರದಲ್ಲಿ ತೀರಿಕೊಂಡವಳು, ಹೆಸರಿಗೆ ದೊಡ್ಡಮ್ಮ. ಅವಳದು ಇರುವುದೊಂದೇ ಫೋಟೊ: ಎತ್ತರದ ಕುರ್ಚಿ, ಹಿಂದೆ ಪರದೆ, ನೆಟ್ಟ ಕಣ್ಣು. ಎಡ ಹೆಗಲ ಮೇಲೆ ಸಾಲಾಗಿ ನಾಲ್ಕು ಬೆಳ್ಳನೆಯ ಗುರುತು.

ಬೂಸ್ಟು ಎಂದುಕೊಂಡ ಮಗಳು ಒದ್ದೆ ಹತ್ತಿಯಿಂದ ಒರೆಸಿ, ಹೋಗದಿದ್ದಲ್ಲಿ ಕಪ್ಪು ಬಣ್ಣ ತೀಡಿದಳು.

೨. (ಈ ಭಾಗ ಹರಿದುಹಾಕಿದ್ದೇನೆ. ಅದರಲ್ಲಿ ದೊಡ್ಡಮ್ಮ ಫೋಟೊದಿಂದ ಎದ್ದು ಬಂದು ಮಾತಾಡುತ್ತಿದ್ದಳು. "ಸಾಕಪ್ಪಾ ನಿನ್ನ ಬುರುಡೆ, ಇದ್ದಿದ್ದನ್ನ ಬರಿ" ಎಂದು ಅಮ್ಮ ಕಥೆ ಬರೆಯುವ ನನ್ನನ್ನೇ ಗದರಿದಳು.)

೩. ಅಮ್ಮ ಫೋಟೊ ಕೈಗೆತ್ತಿಕೊಂಡಳು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು.

"ನನ್ನ ಕೈ ಎಲ್ಲೇ?"

"ಯಾವ ಕೈ ಅಮ್ಮಾ?"

"ಇಲ್ಲಿತ್ತಲ್ಲ, ಹೆಗಲ ಮೇಲೆ. ಅಕ್ಕ ಆಗಲೇ ಹೋಗಿಬಿಟ್ಟಿದ್ಲು ಕಣೇ. ಕಣ್ಣು ಆಮೇಲೆ ಫೋಟೊ ಮೇಲೆ ಬರೆದಿದ್ದು. ಕೂರಿಸಿದ್ರೆ ವಾಲ್ತಾಳೆ ಅಂತ ನನ್ನನ್ನ ಪರದೆ ಹಿಂದೆ ನಿಲ್ಲಿಸಿದ್ರು. ಹಿಡ್ಕೊಂಡಿರು ಮಗು, ನಾನು ಹೇಳೋವರೆಗೂ ಬಿಡಬೇಡ ಅಂದ ಫೋಟೊದವನು."

ಅಮ್ಮನ ಬಾಲ್ಯದ ಫೋಟೊ ಬೇರೊಂದಿಲ್ಲ. ಉಳಿದಿದ್ದದ್ದು ಆ ನಾಲ್ಕು ಬೆರಳು. ಅದನ್ನೂ ಚರಿತ್ರೆ ಬರೆಯಲು ಹೊರಟವಳೇ ಕೈಯಾರೆ ಅಳಿಸಿದ್ದಳು.

೪. ಎಂಡಿಂಗುಗಳು.

(ಅ) ಮಗಳು ಬೆರಳುಗಳನ್ನು ಮತ್ತೆ ಬಿಡಿಸುತ್ತಾಳೆ, ಅಮ್ಮ ಕಣ್ಣೊರೆಸಿಕೊಳ್ಳುತ್ತಾಳೆ. ಬರೆದೂ ಆಗಿತ್ತು. ಮಗಳು ನನ್ನ ಮೇಲೇ ರೇಗಿದಳು: "ನಾನು ಬಿಡಿಸಿದ್ರೆ ಅದು ನನ್ನ ಗೀಟು. ಅಮ್ಮನ ಕೈ ಹೇಗಾಗುತ್ತೆ?" ಸರಿ, ಹೊಡೆದುಹಾಕಿದೆ.

(ಆ) ಅಮ್ಮ ಫೋಟೊ ಹರಿದುಹಾಕುತ್ತಾಳೆ. ಇಲ್ಲ, ಅಮ್ಮ ಅಂಥವಳಲ್ಲ.

(ಇ) ಅಮ್ಮ ಆ ಕಪ್ಪು ಜಾಗದ ಮೇಲೆ ಸುಕ್ಕುಗಟ್ಟಿದ ಬೆರಳು ಊರಿ ಕೂತೇ ಇದ್ದಾಳೆ. ಸಂಜೆಯಾಯಿತು. ಮಗಳು ದೀಪ ಹಾಕಿದಳು.

"ಅಮ್ಮಾ, ಸಾಕು, ಕೆಳಗಿಡು."

"ಫೋಟೊ ತೆಗೆದು ಅವನು ಸಾಮಾನು ಕಟ್ಕೊಂಡು ಹೊರಟುಹೋದ ಕಣೇ. ಬಿಡು ಅಂತ ಯಾರೂ ನನಗೆ ಹೇಳಲೇ ಇಲ್ಲ."

ಮಗಳು ಈಗ ನನ್ನ ಕಡೆ ತಿರುಗಿದ್ದಾಳೆ. ಕಥೆ ನಿನ್ನದಲ್ಲವಾ, ನೀನಾದರೂ ಹೇಳು ಎಂಬ ನೋಟ. ಆ ಒಂದು ಮಾತು ಹೇಳಿದರೆ ಕಥೆ ಮುಗಿದಂತೆಯೇ. ಆದರೆ ಇಷ್ಟು ವರ್ಷ ಹಿಡಿದ ಕೈಗೆ ಬಿಡು ಎನ್ನಲು ನಾನ್ಯಾವ ದೊಡ್ಡ ಮನುಷ್ಯ? ನನಗೆ ಬಾಯಿ ಬರುತ್ತಿಲ್ಲ. ನಿಮಗೆ ಬಂದರೆ ನೀವೇ ಹೇಳಿ. ಅಮ್ಮ ಇನ್ನೂ ಹಿಡಿದುಕೊಂಡೇ ಇದ್ದಾಳೆ.