ಅಕ್ಕನಿಗೆ ಕೊಟ್ಟ ಮುಟ್ಟು

ನಮ್ಮ ಮಾಂಬಳ್ಳಿಯಲ್ಲಿ ಹೆಣ್ಣು ದೊಡ್ಡವಳಾಗುವುದು ಅವಳೊಬ್ಬಳ ಸಂಗತಿಯಲ್ಲ. ತನ್ನ ಮೈಯಲ್ಲಿ ಏನಾಯಿತೆಂದು ಅವಳಿಗೆ ತಿಳಿಯುವ ಮೊದಲೇ ಮಡಿವಾಳರ ಕೇರಿಗೆ, ಸೋದರಮಾವನ ಊರಿಗೆ, ಹೆಣ್ಣು ಕೇಳಿದವರ ಜಗಲಿಗೆ ಸುದ್ದಿ ಮುಟ್ಟಿರುತ್ತದೆ. ಆಗದಿದ್ದರಂತೂ ಕೇಳಲೇಬೇಡಿ. ನನ್ನ ಅಕ್ಕನಿಗೆ ಹದಿನೇಳು ನಡೆಯುತ್ತಿದ್ದರೂ ಇನ್ನೂ ಆಗಿರಲಿಲ್ಲ. ಅವಳ ಹೆಸರು ದೊಡ್ಡಮಾದಮ್ಮ. "ಎಸ್ರಲ್ಲಿ ಮಾತ್ರ ದೊಡ್ಡೋಳು" ಎಂದು ಬಾವಿಯ ಹತ್ತಿರ ನಗುವವರಿದ್ದರು. ನಾನು ಚಿಕ್ಕನಿಂಗಮ್ಮ, ಅವಳಿಗಿಂತ ನಾಲ್ಕು ವರ್ಷಕ್ಕೆ ಕಿರಿಯಳು, ಆಗ ಏಳನೇ ಕ್ಲಾಸು. ಹಾಗೆ ನಕ್ಕವಳೊಬ್ಬಳ ಕೊಡಕ್ಕೆ ಕಲ್ಲು ಹೊಡೆದು ಅಪ್ಪನ ಕೈಯಲ್ಲಿ ಏಟು ತಿಂದಿದ್ದೇನೆ.

ಇದು ಅರವತ್ಮೂರನೇ ಇಸವಿಯ ಮಾತು. ಅಕ್ಕನನ್ನು ಸತ್ತೇಗಾಲದ ಒಂದು ಮನೆಗೆ ಕೊಡುವುದೆಂದು ಮಾತಾಗಿತ್ತು. ಗದ್ದೆ, ಕಬ್ಬು, ತೆಂಗು ಎಲ್ಲ ಇದ್ದ ಮನೆ. ಅವಳು ದೊಡ್ಡವಳಾದ ಮೇಲೆ ಮದುವೆ. ಎರಡು ವರ್ಷ ಕಾದು ಅವರಿಗೂ ಸಾಕಾಗಿತ್ತು. ಗೌರಿ ಹಬ್ಬದೊಳಗೆ ಸುದ್ದಿ ಬರದಿದ್ದರೆ ಬೇರೆ ಕಡೆ ನೋಡುತ್ತೇವೆ ಎಂದು ಹೇಳಿಕಳಿಸಿದರು. ಅಂದಿನಿಂದ ಅವ್ವ ಹೊಟ್ಟೆ ತುಂಬ ಉಣ್ಣಲಿಲ್ಲ.

ಅಕ್ಕನ ಮೈ ಬೆಳೆದಿರಲಿಲ್ಲ ಎಂದಲ್ಲ. ಎತ್ತರ, ನಡಿಗೆ, ದನಿ ಎಲ್ಲ ಹೆಂಗಸಿನದೇ ಆಗಿತ್ತು. ಆದರೆ ತಿಂಗಳಿಗೊಮ್ಮೆ ಮೂರು ನಾಲ್ಕು ದಿನ ಕಿಬ್ಬೊಟ್ಟೆ ಹಿಡಿದುಕೊಂಡು ಚಾಪೆಯ ಮೇಲೆ ಹೊರಳಾಡುತ್ತಿದ್ದಳು. ಅವ್ವ ದೃಷ್ಟಿ ತೆಗೆಯುತ್ತಿದ್ದಳು, ಮಾದಪ್ಪನ ವಿಭೂತಿ ಹಚ್ಚುತ್ತಿದ್ದಳು, ಜೀರಿಗೆ ಕಷಾಯ ಕುಡಿಸುತ್ತಿದ್ದಳು. ನೋವು ಹೋಗುತ್ತಿತ್ತು, ಮುಂದಿನ ತಿಂಗಳು ಮತ್ತೆ ಬರುತ್ತಿತ್ತು. ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹುಳು ಪೊರೆ ಬಿಡುವ ಮೊದಲು ಸೊಪ್ಪು ಬಿಟ್ಟು ಮಲಗುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಎಷ್ಟನೇ ಜ್ವರ, ನಾಳೆ ಏಳುತ್ತದೋ ನಾಡಿದ್ದೋ, ತಟ್ಟೆಯ ಕಡೆ ಒಂದು ಸಲ ನೋಡಿ ಅಪ್ಪ ಹೇಳುತ್ತಿದ್ದ. ತಿಂಗಳು ತಪ್ಪದೆ ಬರುವ ಮಗಳ ನೋವಿಗೂ ಒಂದು ಅರ್ಥವಿರಬಹುದೆಂದು ಮಾತ್ರ ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದಾಗ ನನಗಾಯಿತು. ಕುಡುಗೋಲು ಎಲ್ಲೋ ತಗುಲಿದೆ ಎಂದುಕೊಂಡೆ. ಲಂಗದ ಹಿಂದೆ ಕಲೆ ನೋಡಿದ ಅವ್ವ ನನ್ನ ಕೈ ಹಿಡಿದು ದರದರ ಎಳೆದುಕೊಂಡು ಹೋಗಿ ಹುಳುವಿನ ಕೋಣೆಯ ಬಾಗಿಲು ಹಾಕಿದಳು.

"ಯಾರಾದ್ರೂ ಕಂಡ್ರಾ?"

"ಇಲ್ಲ ಕಣವ್ವ."

"ಬಾಯ್ಬುಡ್ಬ್ಯಾಡ ಕೂಸು. ಇದು ಅಕ್ಕಂದು ಅಂತೀನಿ. ಅವ್ಳಿಗೂ ಇವತ್ತೋ ನಾಳ್ಯೋ ಆಗೇ ಆಯ್ತದೆ. ನೀನ್ ದೊಡ್ಡೋಳಾದೆ ಅಂತ ಗೊತ್ತಾದ್ರೆ ನಿಮ್ಮಪ್ಪ ನಾಳೀಕೇ ಇಸ್ಕೂಲ್ ಬುಡುಸ್ತಾನೆ. ಸುಮ್ನಿದ್ರೆ ನೀನು ಓದ್ಕಂಡಿರ್ಬೋದು."

ಅವಳ ಮಾತು ಮುಗಿಯುವ ಮೊದಲೇ ನಾನು ಹೂಂ ಅಂದೆ. ಆ ವಯಸ್ಸಿನಲ್ಲಿ ಮೈಯ ಜೊತೆ ತಲೆಯೂ ಬೆಳೆಯುತ್ತದಂತೆ. ನನ್ನ ತಲೆ ಬೆಳೆದು ಮೊದಲು ಕಲಿತದ್ದು ನನ್ನ ಲಾಭ ನೋಡಿಕೊಳ್ಳುವುದನ್ನು. ಅಕ್ಕನನ್ನು ಮೂಲೆಯಲ್ಲಿ ಕೂರಿಸಿದರು. ಅವಳು ನನ್ನ ಮುಖವನ್ನೂ ಅವ್ವನ ಮುಖವನ್ನೂ ನೋಡಿ, ಕೂರೆಂದ ಕಡೆ ಕೂತಳು.

ದೊಡ್ಡವಳಾದ ಹುಡುಗಿ ಆಗ ಉಟ್ಟಿದ್ದ ಬಟ್ಟೆ ಮಡಿವಾಳಗಿತ್ತಿಗೆ ಹೋಗಬೇಕು, ಅದು ಪದ್ಧತಿ. ಚನ್ನಾಜಮ್ಮ ಬಂದು ನನ್ನ ಲಂಗವನ್ನು ಕೈಗೆ ತೆಗೆದುಕೊಂಡು ಬಿಡಿಸಿ ನೋಡಿದಳು.

"ದೊಡ್ಡವ್ವಂಗೆ ಇದು ಗಿಡ್ಡ ಆಗಾಕಿಲ್ವಾ?" ಎಂದು ಅವ್ವನನ್ನು ಕೇಳಿದಳು.

"ಕೈಗ್ ಸಿಕ್ಕಿದ್ದ ಸುತ್ಕಂಡಿತ್ತು" ಎಂದಳು ಅವ್ವ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ನಾನು ಹೊಸದಾಗಿ ಉಟ್ಟಿದ್ದ ಲಂಗದ ಹಿಂಬದಿಗೆ ಹೋಯಿತು. ಚನ್ನಾಜಮ್ಮ ಅದನ್ನು ನೋಡಿದಳು. ಬಟ್ಟೆ ಮಡಿಚಿಕೊಂಡು ಹೋದಳು.

ನಮ್ಮ ಸೋದರಮಾವ ಜಡೇಸ್ವಾಮಿ ತೆಂಗಿನ ಹಸಿಗರಿ ತಂದು ಅಂಗಳದಲ್ಲಿ ಗುಡ್ಲು ಹಾಕಿದ. ಅಕ್ಕ ಅದರೊಳಗೆ ಕೂತಳು. ಕೇರಿಯ ಹೆಂಗಸರೆಲ್ಲ ಬಂದು ಚಿಗಳಿ, ಕೊಬ್ಬರಿ ತಿನ್ನಿಸಿ, ಸೋಬಾನೆ ಹಾಡಿ ಆರತಿ ಎತ್ತಿದರು. ನಾಲ್ಕನೇ ದಿನ ಗುಡ್ಲಿನೊಳಗೇ ಅವಳಿಗೆ ಎಂದಿನ ನೋವು ಬಂತು. "ಎಣ್ಣಾದ್ಮೇಲೆ ಅಂಗೇ ನೋಯೋದು ಕಣವ್ವ" ಎಂದು ಎಲ್ಲರೂ ಖುಷಿಯಾಗಿ ನಕ್ಕರು. ಊಟ ತೆಗೆದುಕೊಂಡು ಒಳಗೆ ಹೋದ ನನ್ನ ಮಣಿಕಟ್ಟು ಹಿಡಿದುಕೊಂಡು ಅಕ್ಕ ಪಿಸುಗುಟ್ಟಿದಳು.

"ನಿಂಗೀ, ಒಳ್ಗಡೆ ಏನೋ ತುಂಬ್ಕಂಡದೆ ಕಣೇ. ಎಲ್ಲಾ ಬಂದು ಆರತಿ ಎತ್ತಿ ಓಯ್ತಾವ್ರೆ, ನಂದು ಬತ್ತಾನೇ ಇಲ್ಲ."

"ಬತ್ತದೆ ಬುಡಕ್ಕ" ಅಂದೆ. ನನಗೆ ಹೆದರಿಕೆಯಾಗಿತ್ತು. ಆದರೆ ಮಾರನೆಯ ದಿನ ನಾನು ಸ್ಕೂಲಿಗೆ ಹೋದೆ.

ಸತ್ತೇಗಾಲದವರು ಬಂದು ಮಾಘಕ್ಕೆ ಲಗ್ನ ಗೊತ್ತುಮಾಡಿದರು. ಅಲ್ಲಿಯವರೆಗೆ ಸುಳ್ಳನ್ನು ತಿಂಗಳು ತಿಂಗಳು ಸಾಕಬೇಕಿತ್ತು. ಅವ್ವ ಅದಕ್ಕೂ ಒಂದು ಶಿಸ್ತು ಮಾಡಿದಳು. ನನಗೆ ಆದ ದಿನವೇ ಅಕ್ಕ ಹೋಗಿ ಹಿತ್ತಲ ಕೊಟ್ಟಿಗೆಯಲ್ಲಿ ಮೂರು ದಿನ ಕೂರಬೇಕು. ಬೇಲಿಯ ಮೇಲೆ ಹರವಿದ ಬಟ್ಟೆ ನೋಡಿದವರಿಗೆ ಅನುಮಾನ ಬರಬಾರದು. ಹೊರಗಾದವರು ಹುಳುವಿನ ಕೋಣೆಗೆ ಕಾಲಿಟ್ಟರೆ ಬೆಳೆಯೇ ಹಾಳಾಗುತ್ತದೆ ಅನ್ನುತ್ತಾರೆ. ಹೊರಗಾಗಿದ್ದ ನಾನು ಒಳಗೆ ಹೋಗಿ ಸೊಪ್ಪು ಹಾಕುತ್ತಿದ್ದೆ, ಏನೂ ಆಗದ ಅಕ್ಕ ಕೊಟ್ಟಿಗೆಯಲ್ಲಿರುತ್ತಿದ್ದಳು. ಹುಳುಗಳಿಗೆ ಯಾರೂ ಹೇಳಿರಲಿಲ್ಲವೋ ಏನೋ, ಗೂಡು ಚೆನ್ನಾಗಿಯೇ ಕಟ್ಟಿದವು.

ಎರಡು ತಿಂಗಳು ಹೀಗೇ ನಡೆಯಿತು. ಮೂರನೇ ತಿಂಗಳು ನನಗೆ ಆಗಲಿಲ್ಲ. ನಾಲ್ಕನೆಯದರಲ್ಲೂ ಆಗಲಿಲ್ಲ. ಅವ್ವ ದಿನಾ ಬೆಳಿಗ್ಗೆ ಕಣ್ಣಲ್ಲೇ ಕೇಳುತ್ತಿದ್ದಳು, ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ. ಒಗೆಯಲು ಹಾಕುವ ಕಲೆ ಬಟ್ಟೆಯಿಲ್ಲದೆ ಅಕ್ಕನನ್ನು ಕೂರಿಸಿದರೆ ಚನ್ನಾಜಮ್ಮನ ಕಣ್ಣು ತಪ್ಪಿಸುವುದು ಹೇಗೆ? ಅವ್ವ ಕಾದಳು. ಈ ಮಧ್ಯೆ ಅಕ್ಕನ ಹೊಟ್ಟೆ ಹೊಕ್ಕುಳ ಕೆಳಗೆ ಗಟ್ಟಿಯಾಗಿ ಎದ್ದು ಬರತೊಡಗಿತು. ಸೀರೆಯನ್ನು ಎಷ್ಟು ಬಿಗಿದು ಉಟ್ಟರೂ ಕಾಣುತ್ತಿತ್ತು.

ಮೊದಲು ಕಂಡವಳು ಜಡೇಸ್ವಾಮಿ ಮಾವನ ಹೆಂಡತಿ. ಮದುವೆ ಹೆಣ್ಣಿಗೆ ಎಣ್ಣೆನೀರು ಹಾಕಲು ಬಂದವಳು ಬಚ್ಚಲಲ್ಲಿ ಚೊಂಬು ಕೆಳಗಿಟ್ಟು ಅವಳ ಹೊಟ್ಟೆಯ ಮೇಲೆ ಕೈಯಿಟ್ಟಳು.

"ನೀನು ವೊರ್ಗೆ ಕುಂತು ಎಷ್ಟ್ ತಿಂಗ್ಳಾಯ್ತು?"

"ಎಲ್ಡು" ಅಂದಳು ಅಕ್ಕ. ಪೆದ್ದಿ, ಸುಳ್ಳು ಹೇಳಲು ಅವಳಿಗೆ ಯಾವತ್ತೂ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಪ್ಪನ ಕೈಯಲ್ಲಿ ಬಾರುಕೋಲಿತ್ತು. "ಯಾರೇ ಅವ್ನು? ಯೋಳು, ಯಾರು?" ನಮ್ಮ ಅಪ್ಪ ಪುಟ್ಟಸಿದ್ದಯ್ಯ ಎತ್ತಿಗೂ ಅಷ್ಟು ಹೊಡೆದವನಲ್ಲ. ಅಕ್ಕ ಹೊಟ್ಟೆಗೆ ಕೈ ಅಡ್ಡ ಹಿಡಿದುಕೊಂಡು "ಯಾರೂ ಇಲ್ಲ ಕಣಪ್ಪ, ಮಾದಪ್ಪನಾಣೆ ಯಾರೂ ಇಲ್ಲ" ಎನ್ನುತ್ತಿದ್ದಳು. ಅವಳು ಹೊಟ್ಟೆಗೆ ಕೈ ಅಡ್ಡ ಇಟ್ಟದ್ದನ್ನೇ ಅವರು ಸಾಕ್ಷಿ ಮಾಡಿಕೊಂಡರು.

ನಾವು ಗುಡ್ಲು ಹಾಕದೆ ಇದ್ದಿದ್ದರೆ ಆ ಹೊಟ್ಟೆಯನ್ನು ರೋಗವೆಂದಾದರೂ ಅನ್ನುತ್ತಿದ್ದರು. ಮೈನೆರೆಯದ ಹುಡುಗಿ ಬಸಿರಾಗುವುದುಂಟೇ? ಇವಳು ನೆರೆದಿದ್ದಾಳೆಂದು ಊರು ಕರೆದು ಸಾರಿದವರು ನಾವು. ಅವಳ ಪರ ಇದ್ದ ಒಂದೇ ಮಾತನ್ನು ನಾನೂ ಅವ್ವನೂ ಸೇರಿ ಕಿತ್ತುಕೊಂಡಿದ್ದೆವು.

ಮಾವ ಜಗಲಿಯಲ್ಲಿ ಕೂತು ತೀರ್ಮಾನ ಹೇಳಿದ. "ಹನೂರಿನಾಚೆ ಒಬ್ಳವ್ಳೆ, ಮದ್ದು ಕೊಡ್ತಾಳೆ. ನಾಳಿದ್ದು ಮದ್ಯಾನಕ್ಕೆ ತಕಂಡ್ ಬತ್ತೀನಿ. ಕುಡುಸಿ. ಬದುಕುದ್ರೆ ಲಗ್ನ ಅದೇ ದಿನಕ್ಕೇ ಆಗ್ಲಿ, ಇಲ್ದಿದ್ರೆ ಅವ್ಳ ಅಣೇಬರ." ಅಪ್ಪ ತಲೆಯಾಡಿಸಿದ. ಆ ಮದ್ದು ಎಂಥದೆಂದು ನಮಗೆಲ್ಲ ಗೊತ್ತಿತ್ತು. ಹಿಂದಿನ ವರ್ಷ ಪಕ್ಕದೂರಿನ ಹುಡುಗಿಯೊಬ್ಬಳು ಅಂಥದೇ ಕುಡಿದು ಮೂರನೇ ದಿನಕ್ಕೆ ಹೋಗಿದ್ದಳು.

ಹುಳುವಿನ ಕೋಣೆಯಲ್ಲಿ ಅವ್ವನೊಬ್ಬಳೇ ಇದ್ದಾಗ ಹೋಗಿ ಅವಳ ಸೆರಗು ಹಿಡಿದೆ. "ಯೋಳವ್ವ. ಅಪ್ಪಂಗೆ ಯೋಳ್ಬುಡು."

"ಏನಂತ ಯೋಳ್ಲಿ? ಊರ್ಗೇ ಮೋಸ ಮಾಡ್ದೊ ಅಂತ್ಲಾ? ನಮ್ಮಣ್ಣ ಗುಡ್ಲು ಹಾಕವ್ನೆ, ಅವ್ನ ಮುಖ ಎಂಗ್ ನೋಡ್ಲಿ?" ಆಮೇಲೆ ದನಿ ತಗ್ಗಿಸಿ, "ಒಂದೊಂದ್ಸಲ ನೆರೀದಿದ್ರೂ ಆಯ್ತದಂತೆ ಕಣೇ" ಅಂದಳು. ಅವಳೂ ನಂಬತೊಡಗಿದ್ದಳು. ಹೇಳಿದ ಸುಳ್ಳನ್ನು ಒಪ್ಪಿಕೊಳ್ಳುವುದಕ್ಕಿಂತ ಮಗಳನ್ನು ಅನುಮಾನಿಸುವುದು ಅವಳಿಗೆ ಸುಲಭವಾಗಿತ್ತು.

ಅವ್ವನನ್ನು ಬೈಯುವ ಹಕ್ಕು ನನಗೇನಿದೆ? ನನಗೂ ಬಾಯಿತ್ತು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಬೆಂಕಿ ಹಾಕಬೇಕು ಆ ಬಂಗಾರಕ್ಕೆ. ಮಾರ್ಚಿಯಲ್ಲಿ ಏಳನೇ ಕ್ಲಾಸಿನ ಪರೀಕ್ಷೆ ಇತ್ತು. ಇಡೀ ಕ್ಲಾಸಿಗೆ ಮೊದಲನೆಯವಳು ನಾನು. ಅವ್ವನೇ ಹೇಳಲಿ, ನಾನ್ಯಾಕೆ ಹೇಳಬೇಕು ಎಂದು ಎರಡು ದಿನ ಸುಮ್ಮನಿದ್ದೆ. ಆ ಎರಡು ದಿನ ಅಕ್ಕ ಹುಲ್ಲಿನ ಮೆದೆಯ ಹಿಂದೆ ಹೋಗಿ ಕೂತು ಕೂತು ಅಳುತ್ತ ವಾಪಸು ಬರುತ್ತಿದ್ದಳು. "ವಂದುಕ್ಕೂ ಓಗಾಕಾಯ್ತಿಲ್ಲ ಕಣೇ" ಎಂದಳು. ಆ ರಕ್ತ ನಿನ್ನದೆಂದು ಹೇಳು ಎಂದು ಒಂದು ಸಲವೂ ಕೇಳಲಿಲ್ಲ. ನನ್ನ ಸ್ಕೂಲಿನ ಸಂಗತಿ ಅವಳಿಗೆ ಗೊತ್ತಿತ್ತು.

ತಾನು ಹೇಳಿದ್ದ ದಿನವೇ ಮಧ್ಯಾಹ್ನದ ಬಸ್ಸಿಗೆ ಮಾವ ಬಂದ. ಪಂಚೆಯ ಮಡಿಲಿಂದ ಸೀಸೆ ತೆಗೆದು ಲೋಟಕ್ಕೆ ಬಗ್ಗಿಸಿದ. ಕಪ್ಪಗಿತ್ತು, ವಾಸನೆ ಅಂಗಳದವರೆಗೂ ಬಂತು. ಅಪ್ಪ ಅಕ್ಕನ ತಲೆ ಹಿಡಿದುಕೊಂಡ. ಅವಳು ಕೊಸರಾಡಲಿಲ್ಲ. ಕುಡಿದರೆ ನೋವಾದರೂ ಹೋದೀತು ಎನ್ನುವವಳ ಹಾಗೆ ಬಾಯಿ ತೆರೆದಳು. ನಾನು ನುಗ್ಗಿ ಲೋಟಕ್ಕೆ ಹೊಡೆದೆ.

"ಆ ಲಂಗ ನಂದು! ಅಕ್ಕ ಇನ್ನೂ ನೆರ್ದೇ ಇಲ್ಲ. ದೊಡ್ಡೋಳಾಗಿರೋಳು ನಾನು!"

ಅಪ್ಪ ಅವ್ವನ ಕಡೆ ತಿರುಗಿದ. "ದಿಟವೇನೇ?"

ಅವ್ವ ಗೋಡೆ ನೋಡುತ್ತ ಹೇಳಿದಳು: "ಸುಳ್ಳು. ಅಕ್ಕನ್ನ ಉಳುಸ್ಕಳಕ್ಕೆ ಕಟ್ತಾವ್ಳೆ."

ನಾನು ಓಡಿದೆ. ಕೆರೆಯ ಹತ್ತಿರ ಒಗೆಯುತ್ತಿದ್ದ ಚನ್ನಾಜಮ್ಮನನ್ನು ಒದ್ದೆಗೈಯಲ್ಲೇ ಎಳೆದುಕೊಂಡು ಬಂದೆ. ಸೀಸೆಯಲ್ಲಿ ಇನ್ನೂ ಅರ್ಧ ಉಳಿದಿತ್ತು, ಮಾವ ಅದನ್ನು ಕೈಯಲ್ಲೇ ಹಿಡಿದಿದ್ದ. ಚನ್ನಾಜಮ್ಮ ಬಾಗಿಲಲ್ಲೇ ನಿಂತು ಅಪ್ಪನಿಗೆ ಹೇಳಿದಳು. "ಊರ್ ಬಟ್ಟೆ ಒಗ್ಯೋಳು ನಾನು, ಬಟ್ಟೆ ಯಾರ್ದು ಅಂತ ತಿಳ್ಯಾಕಿಲ್ವಾ ಬುದ್ಧಿ? ಅದು ಈ ಚಿಕ್ಕೆಣ್ಣಿನ ಲಂಗ. ದೊಡ್ಡವ್ವಂದು ಒಂದು ಕಲೆ ಬಟ್ಟೇನೂ ನಾನ್ ಕಂಡಿಲ್ಲ. ದೊಡ್ಡೋರ್ ಮನೇ ಮಾತು ನಂಗ್ಯಾಕೆ ಅಂತ ಸುಮ್ನಿದ್ದೆ."

ಅಪ್ಪ ನಂಬಿದನೋ, ಹೆದರಿದನೋ, ಗಾಡಿ ಕಟ್ಟಿದ. ಸಂಜೆಯೊಳಗೆ ನಾವು ಕೊಳ್ಳೇಗಾಲದ ಆಸ್ಪತ್ರೆಯಲ್ಲಿದ್ದೆವು. ಲೇಡಿ ಡಾಕ್ಟರು ಪರದೆಯ ಹಿಂದೆ ಅಕ್ಕನನ್ನು ನೋಡಿ ಹೊರಗೆ ಬಂದು ಅಪ್ಪನಿಗೆ ಚೆನ್ನಾಗಿ ಬೈದರು. ಬಸಿರಲ್ಲ. ಹುಟ್ಟಿನಿಂದಲೇ ದಾರಿಗೆ ತೆಳ್ಳನೆಯ ಪೊರೆ ಮುಚ್ಚಿಕೊಂಡಿದೆ, ತಿಂಗಳು ತಿಂಗಳು ಆದದ್ದು ಹೊರಬರಲಾರದೆ ಒಳಗೇ ತುಂಬಿದೆ, ಬಿಡಿಸುವುದು ಕಾಲು ಗಂಟೆಯ ಕೆಲಸ ಅಂದರು. "ಈ ಹುಡುಗಿ ದೊಡ್ಡವಳಾಗಿ ಮೂರು ವರ್ಷವಾಗಿದೆ ಕಣಯ್ಯ. ನಿಮಗೆ ಗೊತ್ತಾಗಲಿಲ್ಲ, ಅಷ್ಟೆ." ನನಗೆ ಎರಡು ತಿಂಗಳು ತಪ್ಪಿದ್ದನ್ನು ಹೆದರುತ್ತ ಹೇಳಿದೆ. ಹೊಸದರಲ್ಲಿ ಹಾಗೆಯೇ, ಒಂದು ಹದಕ್ಕೆ ಬರಲು ವರ್ಷ ಎರಡು ವರ್ಷ ಬೇಕು ಎಂದು ನನ್ನ ಕೆನ್ನೆ ತಟ್ಟಿದರು. ಇಷ್ಟು ತಿಳಿದುಕೊಳ್ಳಲು ಹತ್ತು ಮೈಲಿ ಬರಬೇಕಾಗಿತ್ತಲ್ಲ ಎಂದು ನಾನು ಆಸ್ಪತ್ರೆಯ ಕಂಬಕ್ಕೆ ಒರಗಿ ಅತ್ತೆ.

ಐದನೇ ದಿನ ಅಕ್ಕ ಚಪ್ಪಟೆ ಹೊಟ್ಟೆಯಲ್ಲಿ ಗಾಡಿಯಿಂದ ಇಳಿದಳು. ಊರಿಗೆ ಅಷ್ಟು ಸಾಕಾಯಿತು. "ಕೊಳ್ಳೇಗಾಲಕ್ಕೋಗಿ ತೆಗುಸ್ಕಂಡ್ ಬಂದ್ರು." ಅಪ್ಪ ಡಾಕ್ಟರ ಮಾತನ್ನು ಟೀ ಅಂಗಡಿಯಲ್ಲಿ ಹೇಳಿದ, ಭಜನೆ ಮನೆಯಲ್ಲಿ ಹೇಳಿದ. ಕೇಳಿದವರು ಹೂಂ ಹೂಂ ಅಂದು ಅವನು ತಿರುಗಿದೊಡನೆ ನಕ್ಕರು. ಸುಳ್ಳು ರಕ್ತಕ್ಕೆ ಸೋಬಾನೆ ಹಾಡಿದ ಊರು ನಿಜದ ರಕ್ತವನ್ನು ನಂಬಲಿಲ್ಲ. ಮುಂದಿನ ತಿಂಗಳು ಅಕ್ಕನಿಗೆ ಮನೆಯಲ್ಲೇ, ನೋವಿಲ್ಲದೆ ಆಯಿತು. ಕೊಟ್ಟಿಗೆಯಿಂದ ನನ್ನನ್ನು ಕೂಗಿ ಕರೆದು "ಬಂತು ಕಣೇ ನಿಂಗೀ" ಎಂದು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಬಾಯಿ ಬಿಟ್ಟದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಎರಡು ದಿನ ತಡಮಾಡಿದ್ದಕ್ಕಿದೆ.

ಲಗ್ನಕ್ಕೆ ಹದಿನೈದು ದಿನವಿದ್ದಾಗ ಸತ್ತೇಗಾಲದ ಇಬ್ಬರು ಹಿರಿಯರು ಬಂದರು. ಆ ಗಲಾಟೆಯಲ್ಲಿ ನನ್ನ ಸ್ಕೂಲು ಬಿಡಿಸುವುದು ಅಪ್ಪನಿಗೆ ಇನ್ನೂ ನೆನಪಾಗಿರಲಿಲ್ಲ. ನಾನು ಸ್ಕೂಲಿಂದ ಬಂದು ಚೀಲ ಹೆಗಲಲ್ಲಿಟ್ಟುಕೊಂಡೇ ಬಾಗಿಲ ಹಿಂದೆ ನಿಂತೆ. ದೊಡ್ಡವಳ ವಿಷಯ ಅವರು ಎತ್ತಲೇ ಇಲ್ಲ.

"ಕೊಟ್ಟ ಮಾತು ಮುರಿಯೋ ಜನ ಅಲ್ಲ ನಾವು" ಎಂದ ಅವರಲ್ಲಿ ಹಿರಿಯವನು. "ಆ ಲಗ್ನಕ್ಕೇ ಚಿಕ್ಕದ್ನ ಕೊಟ್ಬುಡಿ."

ಅಪ್ಪ ಅವರಿಗೆ ಕೊಟ್ಟ ನೀರಿನ ಚೊಂಬು ಬರಿದಾಗುವ ಮೊದಲೇ ಒಪ್ಪಿದ. ನಾನು ಅಡಿಗೆಮನೆಗೆ ನುಗ್ಗಿದೆ. "ನಾನ್ ಓಗಾಕಿಲ್ಲ. ನಂಗಿನ್ನೂ ಹದಿಮೂರು ಕಣವ್ವ, ಪರೀಕ್ಸೆ ಅದೆ. ನಾನಿನ್ನೂ ಚಿಕ್ಕೋಳು ಅಂತ ಯೋಳವ್ವ ಅವ್ರ್ಗೆ!"

ಅವ್ವ ಸೊಪ್ಪು ಸೋಸುತ್ತಿದ್ದಳು. ಕೊಳ್ಳೇಗಾಲದಿಂದ ಬಂದ ಮೇಲೆ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ದೊಡ್ಡೋಳಾಗಿರೋಳು ನಾನು ಅಂತ ಎಲ್ಲಾರ್ ಮುಂದ್ಲೂ ಅಂದೋಳು ನೀನೇ ಅಲ್ವಾ ಕೂಸು?"