ಅಮಾವಾಸ್ಯೆಗೆ ಏರುವ ಬಾವಿ

ನನ್ನ ಹೆಸರು ಮೌನಮ್ಮ. ತಿಂಥಣಿ ಮೌನೇಶ್ವರನಿಗೆ ಹರಕೆ ಹೊತ್ತು ಹಡೆದ ಮಗಳೆಂದು ಆ ಹೆಸರಿಟ್ಟರು. ಮೌನವನ್ನು ಮಾತ್ರ ಗುಡಿಯಲ್ಲೇ ಮರೆತು ಬಂದರು. ನಾನು ಬಾಯಿ ತೆರೆದರೆ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಮಲಗಿದ ನಾಯಿಗಳು ಎದ್ದು ಕೂರುತ್ತವೆ. ನಮ್ಮ ಓಣಿಯವರು ನನ್ನ ಮಾತನ್ನು ಹತ್ತರಿಂದ ಭಾಗಿಸಿ ನಂಬುತ್ತಾರೆ. ಪಾಪ, ಇಪ್ಪತ್ತರಿಂದ ಭಾಗಿಸಬೇಕೆಂದು ಅವರಿಗಿನ್ನೂ ಗೊತ್ತಿಲ್ಲ.

ವನದುರ್ಗದ ದಾರಿಯಲ್ಲಿ ನಮ್ಮ ಇಪ್ಪತ್ತೆರಡು ಮನೆಗಳಿಗೆ ಇರುವುದು ಒಂದೇ ಮೆಟ್ಟಿಲುಬಾವಿ. ನಲವತ್ತು ಪಾವಟಿಗೆ ಇಳಿಯಬೇಕು. ಅದರ ನೀರಿಗೆ ತೊಗರಿಬೇಳೆ ಒಲೆ ಹೊತ್ತಿಸುವ ಮೊದಲೇ ಬೇಯುತ್ತಿತ್ತು. ಕಡುಬೇಸಿಗೆಯಲ್ಲೂ ಹದಿನೈದನೆಯ ಪಾವಟಿಗೆಯಲ್ಲಿ ನಿಂತು ಕೊಡ ಮುಳುಗಿಸುತ್ತಿದ್ದೆವು.

ಎರಡು ಹೊಲದಾಚೆ ಕಲ್ಲು ಒಡೆದು ಜಲ್ಲಿ ಮಾಡುವ ಕಂಕರ್ ಕ್ರಷರ್ ಬಂತು. ಕಲ್ಲಿಗಾಗಿ ತೋಡಿದ ಗುಂಡಿ ಎಷ್ಟು ಆಳವೆಂದರೆ, ಮೇಲಿನಿಂದ ಉಗುಳಿದವನು ಊಟ ಮುಗಿಸಿ ಬಂದರೂ ಸದ್ದು ಕೇಳಿಸುತ್ತಿರಲಿಲ್ಲ. ಗುಂಡಿಯಲ್ಲಿ ಜಿನುಗಿದ ನೀರನ್ನು ದೊಡ್ಡ ಪಂಪು ಎತ್ತಿ ಎತ್ತಿ ಹಳ್ಳಕ್ಕೆ ಚೆಲ್ಲುತ್ತಿತ್ತು. ಮೂರೇ ವರ್ಷದಲ್ಲಿ ನಮ್ಮ ನೀರು ಮೂವತ್ಮೂರನೆಯ ಪಾವಟಿಗೆಗೆ ಇಳಿಯಿತು.

ಗುಂಡಿಯನ್ನು ಇನ್ನೂ ಐವತ್ತು ಅಡಿ ಇಳಿಸಲು ಕ್ರಷರ್‌ನವರಿಗೆ ಪರವಾನಗಿ ಬೇಕಿತ್ತು. ಮ್ಯಾನೇಜರ್ ಶಾಂತಕುಮಾರ ಒಂದು ಕಾಗದ ಹಿಡಿದು ಮನೆಮನೆಗೆ ಬಂದ. ಬಾವಿ ತಾನಾಗಿಯೇ ಬತ್ತಿದೆ, ನಮ್ಮ ತಕರಾರಿಲ್ಲ ಎಂದು ಅದರಲ್ಲಿತ್ತು. ಹೆಬ್ಬಟ್ಟು ಒತ್ತಿದರೆ ದಿನಕ್ಕೊಂದು ಟ್ಯಾಂಕರ್ ನೀರು. ಇಪ್ಪತ್ತೊಂದು ಮನೆಯವರು ಒತ್ತಿದ್ದರು. ಪಕ್ಕದ ಮನೆಯ ಬಸ್ಸಮ್ಮ ಎಲ್ಲರಿಗಿಂತ ಮೊದಲು.

"ನಿಂದೊಂದೇ ಬಾಕಿ ಅದ ಅವ್ವಾ," ಎಂದ ಶಾಂತಕುಮಾರ.

"ಟ್ಯಾಂಕರ್ ನೀರ ಎಲ್ಲಿಂದ ತರ್ತಿಯಪಾ?"

"ನಮ್ಮ ಗುಂಡಿಂದ."

"ನನ್ನ ಗಡಿಗಿ ಕದ್ದು, ನನಗೇ ಬಟ್ಟಲದಾಗ ಕೊಡ್ತೇನಂತಿ!"

"ಅದು ಮಳಿ ನೀರಬೇ. ನಿಮ್ಮ ಬಾವಿಗೂ ನಮ್ಮ ಗುಂಡಿಗೂ ಸಂಬಂಧ ಇಲ್ಲ."

ನಾನು ಬಿಡಲಿಲ್ಲ. ಆ ಪಂಪು ಬೋನಾಳ ಕೆರೆಯನ್ನೂ ಕುಡಿದುಬಿಟ್ಟಿದೆ, ಅಲ್ಲಿಯ ಕೊಕ್ಕರೆಗಳು ನಮ್ಮ ಮನೆಗೆ ಬಂದು ಚೊಂಬು ನೀರು ಕೇಳಿದವು ಎಂದು ಊರೆಲ್ಲ ಸಾರಿದೆ. ಜನ ಹೊಟ್ಟೆ ಹಿಡಿದು ನಕ್ಕರು. ನಗಿಸಿದ್ದೇ ತಪ್ಪಾಯಿತು. ಇನ್ನು ಮೇಲೆ ನಾನು ನಿಜ ಹೇಳಿದರೂ ಕೊಕ್ಕರೆಯ ಲೆಕ್ಕವೇ.

ಅಷ್ಟರಲ್ಲಿ ಅಮಾವಾಸ್ಯೆ ಬಂತು. ನಮ್ಮ ಕಡೆ ಅಂದು ಎತ್ತಿಗೆ ನೊಗವಿಲ್ಲ. ಕ್ರಷರ್‌ನವರೂ ಮಿಷನ್ನಿಗೆ ತೆಂಗಿನಕಾಯಿ ಒಡೆದು, ನಿಂಬೆಹಣ್ಣು ಕಟ್ಟಿ, ಪಂಪು ಸಮೇತ ಎಲ್ಲ ಬಂದ್ ಮಾಡುತ್ತಾರೆ. ಮರುದಿನ ಮುಂಜಾನೆ ಬಾವಿಗಿಳಿದರೆ, ಮೂವತ್ತೆರಡನೆಯ ಪಾವಟಿಗೆಯಲ್ಲೇ ಕಾಲು ನೆನೆಯಿತು! ನಾಲ್ಕು ದಿನಕ್ಕೆ ನೀರು ಮತ್ತೆ ಇಳಿಯಿತು. ಮುಂದಿನ ಅಮಾವಾಸ್ಯೆಗೆ ಸುಣ್ಣದ ಗಡಿಗೆ ಒಯ್ದು, ನೀರು ಮುಟ್ಟಿದ ಕಡೆ ಹಿಂದಿನ ದಿನ ಒಂದು, ಮರುದಿನ ಒಂದು ಗೋಡೆಗೆ ಗೆರೆ ಎಳೆದೆ. ಹೀಗೆ ಮೂರು ಅಮಾವಾಸ್ಯೆ. ಮೂರು ಸಲವೂ ಏರಿತು.

ಪರವಾನಗಿಗೆ ಮೊದಲು ಜಾಗ ನೋಡಲು ಅಂತರ್ಜಲ ಇಲಾಖೆಯ ನುಜ್ಹತ ಮೇಡಂ ಬಂದರು. ಬಾವಿಯ ಮುಂದೆ ಊರಿಗೆ ಊರೇ ಸೇರಿತ್ತು. ನಾನು ಗೆರೆ ತೋರಿಸಿದೆ.

ಶಾಂತಕುಮಾರ ನಕ್ಕ. "ಮೇಡಂ, ಅಮಾಸಿಗೆ ಸಮುದ್ರಾನೇ ಉಕ್ಕತದ. ಬಾವಿ ಏರೂದೇನ ದೊಡ್ಡದು?"

ಕಲಿತವನ ಮಾತು. ಜನ ತಲೆಯಾಡಿಸಿದರು. ಮೇಡಂ ನನ್ನ ಕಡೆ ತಿರುಗಿದರು. "ಎಷ್ಟು ಏರುತ್ತದೆ ಅಮ್ಮಾ?"

ನಾಲಿಗೆಯ ತುದಿಯಲ್ಲಿ ಇಪ್ಪತ್ತು ಕುಣಿಯುತ್ತಿತ್ತು. ಎಲ್ಲರೂ ಹತ್ತರಿಂದ ಭಾಗಿಸಲು ತಯಾರಾಗಿ ನಿಂತಿದ್ದರು. ಹೆತ್ತಾಗ ಪಟ್ಟದ್ದಕ್ಕಿಂತ ಹೆಚ್ಚು ಕಷ್ಟಪಟ್ಟು ಹೇಳಿದೆ: "ಒಂದ ಪಾವಟಿಗಿರಿ. ಒಂದೇ."

ಬಸ್ಸಮ್ಮ ಓಡಿ ಬಂದು ನನ್ನ ಹಣೆ ಮುಟ್ಟಿ ನೋಡಿದಳು. "ಮೌನವ್ವಾ, ಜ್ವರ ಬಂದಾವೇನ?"

"ಸುಮ್ಮನಿರ. ಮೇಡಂ, ನೀರಿಗೆ ಪಂಚಾಂಗ ಓದಾಕ ಬರಂಗಿಲ್ಲ. ಇವತ್ತ ಮಂಗಳಾರ, ಅಮಾಸಿ ಕಳದು ಎಂಟ ದಿನ ಆಗ್ಯಾದ. ಇವತ್ತ ಪಂಪ ಬಂದ್ ಮಾಡಸ್ರಿ. ನಾಳೆ ನೀವೇ ಇಳದು ನೋಡ್ರಿ. ಏರಲಿಲ್ಲಂದ್ರ ನಾನೇ ಹೆಬ್ಬಟ್ಟ ಒತ್ತತೇನಿ."

"ಕೆಲಸದ ದಿನ ಪಂಪು ನಿಲ್ಲಸಾಕ ಆಗಂಗಿಲ್ರಿ," ಎಂದ ಶಾಂತಕುಮಾರ.

"ಯಾಕಪಾ? ಸಂಬಂಧ ಇಲ್ಲಂದ್ಯಲ್ಲ, ಅಂಜಿಕಿ ಯಾಕ?"

ಮೇಡಂ ಗುಂಡಿಗೆ ಹೋಗಿ ಪಂಪು ನಿಲ್ಲಿಸಿ, ಸ್ವಿಚ್ಚಿನ ಪೆಟ್ಟಿಗೆಗೆ ದಾರ ಸುತ್ತಿ ಅರಗಿನ ಮುದ್ರೆ ಒತ್ತಿದರು. ಆಮೇಲೆ ಬಾವಿಗಿಳಿದು, ನೀರು ನಿಂತ ಕಡೆ ತಮ್ಮ ಕೈಯಿಂದಲೇ ಸುಣ್ಣದ ಗೆರೆ ಎಳೆದರು.

ಬುಧವಾರ ಮುಂಜಾನೆ ಟೇಪು ಹಿಡಿದು ಅವರೇ ಇಳಿದರು. ಕೆಳಗಿನಿಂದ ದನಿ ಬಂತು: "ನನ್ನ ಗೆರೆ ಮುಳುಗಿದೆ. ಒಂದಲ್ಲ ಅಮ್ಮಾ, ಒಂದೂವರೆ ಪಾವಟಿಗೆ."

ಜೀವಮಾನದಲ್ಲಿ ಒಮ್ಮೆ ನಾನು ಕಡಿಮೆ ಹೇಳಿದ್ದೆ! ನಾಚಿಕೆಯಿಂದ ಸೆರಗು ಬಾಯಿಗೆ ಹಿಡಿದೆ.

ಬಸ್ಸಮ್ಮ ಶಾಂತಕುಮಾರನ ಮುಂದೆ ಕೈ ಚಾಚಿ ನಿಂತಳು. "ನನ್ನ ಹೆಬ್ಬಟ್ಟ ವಾಪಸ್ ಕೊಡಪಾ." ಅವಳ ಹಿಂದೆ ಇಪ್ಪತ್ತು ಕೈಗಳು ಎದ್ದವು.

ಗುಂಡಿ ಇನ್ನು ಆಳವಾಗಬಾರದು, ಎತ್ತಿದ ನೀರನ್ನು ತಿಳಿಗೊಳಿಸಿ ಬಾವಿಯ ಮಗ್ಗುಲಿನ ಇಂಗುಗುಂಡಿಗೆ ಬಿಡಬೇಕು ಎಂದು ಮೇಡಂ ಬರೆದುಕೊಂಡು ಹೋದರು. ಆದೇಶವೂ ಹಾಗೆಯೇ ಬಂತು. ಶಾಂತಕುಮಾರ ಮೇಲಿನವರಿಗೆ ಅರ್ಜಿ ಹಾಕಿದ್ದಾನಂತೆ. ಹಾಕಲಿ. ಅವನು ಹೊಸ ಕಾಗದ ತರುವವರೆಗೂ ನಾನು ದಿನಕ್ಕೊಂದು ಗೆರೆ ಎಳೆಯುತ್ತಿರುತ್ತೇನೆ. ಬಸ್ಸಮ್ಮ ಅಂದು ಅವನಿಂದ ಕಸಿದುಕೊಂಡ ಹಳೆಯ ಕಾಗದ ನನ್ನ ಸುಣ್ಣದ ಗಡಿಗೆಗೆ ಮುಚ್ಚಳವಾಗಿದೆ.

ಈಗ ನೀರು ಎಲ್ಲಿದೆ ಎನ್ನುತ್ತೀರಾ? ಮೊದಲ ಪಾವಟಿಗೆಯಲ್ಲಿ! ನಂಬದಿದ್ದರೆ ಬಂದು ಗೆರೆ ಎಣಿಸಿ. ಗೆರೆ ಇಪ್ಪತ್ತೆಂಟನೆಯದರಲ್ಲಿದೆ ಎಂದೀರಿ. ಅದು ಗೋಡೆಯ ಮಾತು. ಗೋಡೆಗೆ ಸುಳ್ಳು ಹೇಳಲು ಬರುವುದಿಲ್ಲ, ಅದಕ್ಕೇ ಅದನ್ನು ಸಾಕ್ಷಿಗೆ ಇಟ್ಟುಕೊಂಡಿದ್ದೇನೆ.